ಹಂದರದ ಹೊಳೆಬಸಪ್ಪನ ಚಾಳಿ

ಅಪ್ಪ ಸತ್ತ ಮರುದಿನದಿಂದ ಊರವರೆಲ್ಲ ನನ್ನ ಕೈಕಾಲು ನೋಡತೊಡಗಿದರು. ಚಹಾದಂಗಡಿಗೆ ಹೋದರೆ ನಾನು ಕಪ್ಪು ಹಿಡಿಯುವ ರೀತಿ ನೋಡುತ್ತಿದ್ದರು. ಕೆಮ್ಮಿದರೆ ಆಡುತ್ತಿದ್ದ ಮಾತು ನಿಲ್ಲಿಸಿ ಕಿವಿ ನಿಮಿರಿಸುತ್ತಿದ್ದರು. ಕೂದಲು ಕತ್ತರಿಸುವವನು ಕತ್ತರಿಯನ್ನು ಗಾಳಿಯಲ್ಲೇ ನಿಲ್ಲಿಸಿ, "ಈಗ ಕಿವಿ ತುರಿಸಿಕೊಂಡಿ ನೋಡು, ನಿಮ್ಮಪ್ಪನೂ ಹಂಗ ತುರಿಸಿಕೊಳ್ತಿದ್ದನೇನು?" ಎಂದು ಕೇಳಿದ. "ಕೆಲಸ ಮಾಡು, ಇಲ್ಲಂದ್ರ ಎದ್ದು ಹೊಕ್ಕೀನಿ" ಎಂದೆ. ಅರ್ಧ ತಲೆ ಹೊತ್ತುಕೊಂಡು ಎಲ್ಲಿಗೆ ಹೋಗುತ್ತಾನೆ ನೋಡೋಣ ಎಂಬಂತೆ ಅವನು ಕನ್ನಡಿಯಲ್ಲಿ ನಕ್ಕ.

ನಮ್ಮೂರಲ್ಲಿ ಸತ್ತವರ ಒಂದು ಚಾಳಿ ಊರೊಳಗೇ ಯಾರ ಮೇಲಾದರೂ ಇಳಿಯುತ್ತದೆ. ಮಗನ ಮೇಲೇ ಇಳಿಯಬೇಕೆಂದಿಲ್ಲ, ಒಂದೇ ಜಾತಿಯವರಾಗಬೇಕೆಂದೂ ಇಲ್ಲ. ಕೋಳಿ ಸಾಕುತ್ತಿದ್ದ ಯಮನವ್ವ ತೀರಿಕೊಂಡ ಮೇಲೆ ಅವಳ 'ಬಾ ಬಾ ಬಾ' ಹೋಗಿ ಪೊಲೀಸ್ ಪೇದೆಯ ಬಾಯಲ್ಲಿ ಕೂತಿತು. ಗಸ್ತು ತಿರುಗುವಾಗ ಅವನು ತನಗೇ ತಿಳಿಯದೆ ಕೋಳಿ ಕರೆಯುತ್ತಾನೆ, ಕಳ್ಳರು ಕೇಳಿಸಿಕೊಂಡು ಬೇರೆ ಓಣಿ ಹಿಡಿಯುತ್ತಾರೆ. ಅಂಚೆಯವನು ಸತ್ತಂದಿನಿಂದ ಡಾಕ್ಟರ ಹೆಂಡತಿ ತನ್ನ ಮನೆಯ ಬಾಗಿಲನ್ನೇ ತಟ್ಟಿ, "ಯಾರಿದ್ದೀರಿ ಮನ್ಯಾಗ?" ಎಂದು ಕೇಳಿಯೇ ಒಳಗೆ ಕಾಲಿಡುವುದು. ಡಾಕ್ಟರು ಪೇಪರಿನಿಂದ ತಲೆಯೆತ್ತದೆ "ನಾ ಅದೀನಿ, ಬಾ" ಎನ್ನುತ್ತಾರೆ. ವಾದ ಸೋತಾಗಲೆಲ್ಲ 'ಅದಿರಲಿ' ಎನ್ನುತ್ತಿದ್ದ ವಕೀಲರ ಚಾಳಿ ಒಂದು ಅಂಬೆಗಾಲಿನ ಕೂಸಿಗೆ ಇಳಿದು, ಆ ಕೂಸು 'ಅವ್ವ' ಅನ್ನುವುದಕ್ಕೆ ಮೊದಲು 'ಅದಿರಲಿ' ಅಂದಿತು. ಇದರಲ್ಲಿ ಯಾರಿಗೂ ಕಸಿವಿಸಿಯಿಲ್ಲ. ಚಾಳಿ ಇಳಿಸಿಕೊಂಡವರು ಆ ಮನೆಗೆ ನೆಂಟರಾಗುತ್ತಾರೆ, ಅಷ್ಟೆ. ದಿನದೂಟಕ್ಕೆ, ಅಂದರೆ ತಿಥಿಯ ಪಂಕ್ತಿಗೆ, ಸತ್ತವರ ಹೆಸರಿನ ಮಣೆ ಹಾಕಿ, ಚಾಳಿ ಇಳಿದವರನ್ನು ಅದರ ಮೇಲೆ ಕೂಡಿಸಿ, ಹೆಗಲಿಗೆ ಟವೆಲು ಹೊದಿಸಿ, ಮೊದಲು ಅವರಿಗೆ ಬಡಿಸುವುದು. ಮುಂದೆ ವರ್ಷವರ್ಷವೂ ಹಾಗೆಯೇ.

ಪಂಕ್ತಿ ಏಳುವುದರೊಳಗೆ ಯಾರೂ ಸಿಗದಿದ್ದರೆ ಮಾತ್ರ ಮಣೆ ಮಗುಚಿ ಹಾಕುತ್ತಾರೆ. ಸತ್ತವನು ತನ್ನದು ಅನ್ನುವಂಥದ್ದು ಒಂದೂ ಇಲ್ಲದೆ ಬಾಳಿದ ಎಂದು ಅದರ ಅರ್ಥ. ಆಮೇಲೆ ಅವನ ಹೆಸರನ್ನು ಊರಲ್ಲಿ ಯಾರೂ ಎತ್ತುವುದಿಲ್ಲ. ಮನೆಯವರೂ ಮೆಲ್ಲಗೆ ಬಿಡುತ್ತಾರೆ.

ಅಪ್ಪನ ಮಣೆ ಮಗುಚುತ್ತದೆ ಎಂದು ಮೊದಲು ಬಾಯಿಬಿಟ್ಟವನು ರಾಚಪ್ಪ ಸಾವಕಾರ. ಬೆಲ್ಲದ ಅಡತಿ ಅಂಗಡಿಯವನು, ನಮ್ಮ ಓಣಿಗೆ ಹಿರಿಯ. ಯಾರ ಚಾಳಿ ಯಾರಿಗೆ ಇಳಿಯಿತು ಎಂದು ತೀರ್ಮಾನ ಹೇಳುವುದೂ ಅವನೇ, ಮಣೆ ಮಗುಚುವುದೂ ಅವನೇ. ಚಹಾದಂಗಡಿಯ ಬೆಂಚಿನ ಮೇಲೆ ಹೊಟ್ಟೆ ಇಳಿಬಿಟ್ಟು ಕೂತು, ನಾನು ಎದುರಿಗಿದ್ದೇನೆ ಎಂಬ ಖಬರೂ ಇಲ್ಲದೆ, "ಹೊಳೆಬಸಪ್ಪಂದು ಯಾವ ಚಾಳಿ ಇತ್ತೋ ಮಾರಾಯಾ? ನೆನಪ ಮಾಡ್ಕೊಂಡ್ರೂ ಬರವಲ್ದು. ಹಂದರ ಹಾಕ್ತಿದ್ದ, ಹಂದರ ಬಿಚ್ಚತಿದ್ದ. ನಡುವ ಅಂವ ಎಲ್ಲಿ ಇರ್ತಿದ್ದ?" ಎಂದ. ನಾಲ್ಕು ಜನ ನಕ್ಕರು. ನಾನು ಎದ್ದು ಹೋಗಿ ಅವನ ಮುಂದೆ ನಿಂತೆ. "ನಿನ್ನ ಮಗಳ ಲಗ್ನದಾಗ ಬಿರುಗಾಳಿ ಬಿಟ್ಟಾಗ ಹಂದರದ ಪೈಪ್ ಅಪ್ಪಿಕೊಂಡು ನಿಂತಿದ್ದನಲ್ಲ, ಅಲ್ಲಿದ್ದ" ಎಂದೆ. ರಾಚಪ್ಪನಿಗೆ ಸಿಟ್ಟೂ ಬರಲಿಲ್ಲ. "ಹೌದಲ್ಲೊ, ಮರತಿದ್ದೆ. ಆದ್ರ ಪೈಪ್ ಅಪ್ಪಿಕೊಳ್ಳೂದು ಚಾಳಿ ಹೆಂಗಾತು, ಅದು ಕೆಲಸ" ಎಂದು ಬಟಾಣಿ ಬಾಯಿಗೆ ಹಾಕಿಕೊಂಡ. ಹೊಡೆಯಬೇಕು ಅಂತ ಕೈ ಎತ್ತಿದ್ದೆ. ಅಪ್ಪನ ಜೊತೆಗಾರ ದಾವಲ್ ಕಾಕಾ ಹಿಂದಿನಿಂದ ಅಂಗಿ ಹಿಡಿದು ಎಳೆದುಕೊಂಡು ಹೋದ.

ನನ್ನ ಸಿಟ್ಟಿಗೆ ಕಾರಣ ರಾಚಪ್ಪ ಒಬ್ಬನೇ ಅಲ್ಲ. ಅವನು ಹೇಳಿದ್ದು ನಿಜವಿರಬಹುದು ಎಂಬುದೇ ದೊಡ್ಡ ಕಾರಣ. ಅಪ್ಪ ಜೋರಾಗಿ ನಗುವವನಲ್ಲ, ಬೈಯುವವನಲ್ಲ, ತಂಬಾಕು ತಿನ್ನುವವನಲ್ಲ. ಊರ ಮಂದಿಯ ಲಗ್ನ, ಕುಪ್ಪಸ, ತೊಟ್ಟಿಲು, ತಿಥಿಗೆ ಶಾಮಿಯಾನಾ ಕಟ್ಟುವುದು, ಕೊಪ್ಪರಿಗೆ ಬೋಗುಣಿ ಜಮಖಾನೆ ಬಾಡಿಗೆಗೆ ಕೊಡುವುದು, ಇಷ್ಟೇ ಅವನ ಬಾಳು. ಅಕ್ಕ ಮಾದೇವಿಯ ಲಗ್ನದ ಫೋಟೋ ತೆಗೆದು ನೋಡಿ, ಒಂದರಲ್ಲೂ ಅಪ್ಪ ಕ್ಯಾಮೆರಾ ನೋಡಿಲ್ಲ. ಅಕ್ಷತೆ ಹಾಕುವಾಗಲೂ ಮುಖ ಮೇಲಕ್ಕೆ, ಹಂದರದ ಬಟ್ಟೆ ಜೋಲುತ್ತದೋ ಏನೋ ಎಂದು. ಭಾವನ ಮನೆಯವರು ಬೀಗರಿಗೆ ಕುತ್ತಿಗೆ ನೋವು ಎಂದೇ ತಿಳಿದಿದ್ದರು. ನಾನು ಎಂಟನೇ ಇಯತ್ತೆಯಲ್ಲಿ ಮಾಸ್ತರರ ಕೈಯಿಂದ ಕೋಲು ಕಿತ್ತು ಮುರಿದು ಹೊರಗೆ ಬಂದ ದಿನ, ಪೆಟ್ಟು ತಿನ್ನಲು ತಯಾರಾಗಿ ಮನೆಯ ಕಟ್ಟೆಯ ಮೇಲೆ ಕೂತಿದ್ದೆ. ಅಪ್ಪ ಬಂದು ನನ್ನನ್ನು ಮೇಲಿಂದ ಕೆಳಗೆ ನೋಡಿ, "ತೋಳು ಗಟ್ಟಿ ಅದಾವ. ನಾಳೆ ಪೈಪ್ ಹಿಡಿ, ಬಾ" ಎಂದು ಒಳಗೆ ಹೋದ. ಅದನ್ನೇ ಇನ್ನೊಬ್ಬ ತಂದೆ ಒಂದು ವರ್ಷ ಒದರುತ್ತಿದ್ದ. ಅಪ್ಪ ಸತ್ತದ್ದೂ ಹಾಗೆಯೇ, ಸದ್ದಿಲ್ಲದೆ. ಮಧ್ಯಾಹ್ನ ಹರಿದ ಬಟ್ಟೆಗೆ ತೇಪೆ ಹಾಕುತ್ತ, ಚಹಾಕ್ಕೆ ಸಕ್ಕರೆ ಕಮ್ಮಿ ಎಂದು ಹೇಳಿ, ಗೋಡೆಗೆ ಒರಗಿದ. ಅವ್ವ ಸಕ್ಕರೆ ಡಬ್ಬಿ ತಂದಾಗ ಹೋಗಿದ್ದ.

ಅವ್ವ ಮಾತ್ರ, "ಇಳದ್ರ ಇಳೀಲಿ, ಬಿಟ್ರ ಬಿಡ್ಲಿ. ನನ್ನ ಗಂಡ ಎಂಥಾಂವ ಅಂತ ರಾಚಪ್ಪ ಹೇಳಬೇಕೇನು?" ಎಂದು ಸೆರಗು ಕೊಡವಿದಳು. ಬಾಯಲ್ಲಿ ಹಾಗೆ ಹೇಳಿದವಳು ಹಾಲಿನವನನ್ನು ಬಾಗಿಲಲ್ಲೇ ನಿಲ್ಲಿಸಿಕೊಂಡು ಅವನ ಎಮ್ಮೆಯ ಸುದ್ದಿ, ಎಮ್ಮೆಯ ತಾಯಿಯ ಸುದ್ದಿ ಕೇಳುತ್ತ, ಅವನು ಮೂಗು ಒರೆಸಿಕೊಳ್ಳುವುದನ್ನು ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ಅಕ್ಕ ತನ್ನ ಗಂಡನನ್ನು ಬೇಕೆಂದೇ ಅಂಗಳದಲ್ಲಿ ಹಗ್ಗದ ಪಕ್ಕ ಕೂಡಿಸಿ, ಗಂಟು ಬಿಗಿಯುತ್ತಾನೋ ಎಂದು ಕಿಟಕಿಯಿಂದ ಕಾದಳು. ಭಾವ ಆ ಹಗ್ಗ ತಲೆಗಿಟ್ಟುಕೊಂಡು ಮಲಗಿದ. ನಾನೂ ಒಮ್ಮೆ ಅಪ್ಪನಂತೆ ಟವೆಲು ಹೆಗಲ ಮೇಲೆ ಎರಡು ಸಲ ಝಾಡಿಸಿ ಹಾಕಿಕೊಂಡು ಅಡುಗೆಮನೆಯ ಮುಂದೆ ಹಾದುಹೋದೆ. ಅವ್ವ ರೊಟ್ಟಿ ಬಡಿಯುವುದು ನಿಲ್ಲಿಸದೆ, "ಇಳಿದವರಿಗೆ ಇಳಿದದ್ದು ಗೊತ್ತಾಗಂಗಿಲ್ಲ. ನೀ ನನ್ನ ಮಾರಿ ನೋಡ್ಕೋತ ಝಾಡಸ್ತಿ" ಎಂದಳು. ನನ್ನ ಮೇಲೆ ಇಳಿಯಲಿ ಎಂದು ನಾನು ಎಷ್ಟು ಬಯಸಿದ್ದೆ ಎಂಬುದು ಅವಳಿಗೆ ಅಷ್ಟರಲ್ಲೇ ತಿಳಿದುಹೋಯಿತು. ಮುಖ ಕೆಂಪಗೆ ಮಾಡಿಕೊಂಡು ಗೋದಾಮಿಗೆ ಹೋದೆ.

ದಿನದೂಟದ ಹಿಂದಿನ ದಿನ ನಮ್ಮ ಮನೆಯ ಮುಂದೆ ನಮ್ಮದೇ ಶಾಮಿಯಾನಾ ಏಳಬೇಕಿತ್ತು. ದಾವಲ್ ಕಾಕಾ ಅಪ್ಪನ ಜೊತೆ ಇಡೀ ಆಯುಷ್ಯ ಪೈಪು ಹೊತ್ತವನು. ಮೂಲೆಯ ಪೈಪು ನಿಲ್ಲಿಸಿ, ಅಂಗೈಯಿಂದ ಅದನ್ನು ಎರಡು ಸಲ ತಟ್ಟಿ, "ನಿಲ್ಲಪಾ ದೊರಿ" ಎಂದ. ಅದು ಅಪ್ಪನ ಮಾತು. ಅದೇ ತಟ್ಟು, ಅದೇ ದನಿ. ಪೈಪು ಕೈಬಿಟ್ಟು ಒಳಗೆ ಓಡಿ, ಅಕ್ಕನನ್ನೂ ಹೊಸ ಟವೆಲನ್ನೂ ಎಳೆದುಕೊಂಡು ಬಂದೆ. ಅಕ್ಕ ಅಳುತ್ತಲೇ, "ಕಾಕಾ, ನಾಳೆ ನೀವs ಮಣಿ ಮ್ಯಾಲೆ ಕೂಡಬೇಕು" ಎಂದಳು. ದಾವಲ್ ಕಾಕಾ ಕೈಬಿಟ್ಟ ಪೈಪನ್ನು ಒಬ್ಬನೇ ಸಾವರಿಸಿಕೊಂಡು ಸಂಗತಿ ಕೇಳಿದ. ಕೇಳಿದವನಿಗೆ ಬೇಜಾರಾಯಿತು.

"ಏ ಹುಚ್ಚಪ್ಯಾ, ಅದು ನಂದು" ಎಂದ. "ನಿಮ್ಮಪ್ಪ ನನ್ನಿಂದ ಎತ್ತಿದ್ದು. ನಾ ನಮ್ಮ ಉಸ್ತಾದನಿಂದ ಎತ್ತಿದ್ದು. ನಂದು ನನಗs ಹೆಂಗ ಇಳೀತೈತಿ? ನಾ ಇನ್ನ ಸತ್ತಿಲ್ಲ."

"ಟವೆಲ್ ಝಾಡಿಸೂದು?" ಎಂದೆ.

"ಅದು ಹೋಟೆಲ್ ಪರಮೇಶಿದು. ನಿಮ್ಮಪ್ಪನಿಗೆ ಬಾಳ ಸೇರಿತ್ತು, ಕಲ್ತ."

"ಕಿವ್ಯಾಗ ಪೆನ್ಸಿಲ್ ಇಡೂದು?"

"ಎಲ್ಲಾ ಬಡಿಗ್ಯಾರೂ ಇಡ್ತಾರ."

"ಹಂಗಾರ ಅಪ್ಪನದು ಅಂತ ಏನೈತಿ ಕಾಕಾ?" ನನ್ನ ದನಿ ಏರಿತ್ತು. ದಾರಿಹೋಕರು ನಿಂತು ನೋಡುತ್ತಿದ್ದರು. ದಾವಲ್ ಕಾಕಾ ಜಮಖಾನೆಯ ಸುರುಳಿಯ ಮೇಲೆ ಕೂತ. "ಒಂದs" ಎಂದ. "ಯಾರ ಮನ್ಯಾಗೂ ಪಂಕ್ತಿಗೆ ಕೂಡತಿರಲಿಲ್ಲ. ಎಂಥಾ ದೊಡ್ಡ ಲಗ್ನ ಇರ್ಲಿ, ಮಾಲೀಕರು ಕೈ ಹಿಡಿದು ಎಳೀಲಿ, ಉಣ್ಣಾಕ ಮನಿಗೇ ಓಡತಿದ್ದ. ಹೋಳಿಗಿ ಬಿಟ್ಟು ಯಾಕ ಓಡ್ತಿಯೋ ಅಂತ ನಾ ಬೈದೀನಿ. ನಕ್ಕು ಸೈಕಲ್ ಏರಿಬಿಡತಿದ್ದ. ಮನ್ಯಾಗ ಏನಿತ್ತೋ ಅಂವನಿಗೇ ಗೊತ್ತು." ಅದರಿಂದ ನಮಗೇನೂ ದಾರಿ ಕಾಣಲಿಲ್ಲ. ಊಟಕ್ಕೆ ಮನೆಗೆ ಹೋಗುವ ಗಂಡಸರು ಊರ ತುಂಬ ಇದ್ದಾರೆ. ಅಕ್ಕ ಟವೆಲು ಮಡಿಚಿಕೊಂಡು ಒಳಗೆ ಹೋದಳು.

ಮರುದಿನ ಓಣಿಗೆ ಓಣಿಯೇ ಬಂತು. ಗೋಧಿ ಹುಗ್ಗಿ, ಕಡಕ್ ರೊಟ್ಟಿ, ಎಣ್ಣೆಗಾಯಿ, ಹಪ್ಪಳ, ಅನ್ನ, ಸಾರು. ಗಂಡಸರ ಸಾಲು ಒಂದು, ಎದುರಿಗೆ ಹೆಂಗಸರ ಸಾಲು. ಸಾಲಿನ ತಲೆಗೆ ಅಪ್ಪನ ಮಣೆ, ಅದರ ಮುಂದೆ ಬಡಿಸಿದ ಎಲೆ, ಕೂತವರಿಲ್ಲ. ಅದರ ಪಕ್ಕದಲ್ಲೇ ರಾಚಪ್ಪ. ಊಟ ಮುಗಿದ ಕೂಡಲೇ ಕೈ ಚಾಚಿ ಮಗುಚಲು ಅನುಕೂಲವಾಗಲಿ ಎಂದೇ ಅಲ್ಲಿ ಕೂತಿದ್ದಾನೆ ಎನಿಸಿತು ನನಗೆ. ಹುಗ್ಗಿಯ ಬಕೆಟ್ಟು ನನ್ನ ಕೈಯಲ್ಲಿತ್ತು. ಬಡಿಸುತ್ತ ಬಡಿಸುತ್ತ ಪ್ರತಿಯೊಬ್ಬನ ಕೈ ನೋಡಿದೆ, ಬಾಯಿ ನೋಡಿದೆ. ಪೇದೆ ಹಪ್ಪಳ ಮುರಿಯುತ್ತ ಕೋಳಿ ಕರೆದ. ಕೂದಲು ಕತ್ತರಿಸುವವನು ಎಂದಿನಂತೆ ತಿಂದ. ಎಲ್ಲರೂ ಎಂದಿನಂತೆಯೇ ತಿಂದರು. ಇಷ್ಟೊಂದು ಬಾಯಿಗಳಿಗೆ ನೆರಳು ಕಟ್ಟಿದವನ ಒಂದು ಗುರುತನ್ನೂ ಈ ಹಾಳು ಊರು ಇಟ್ಟುಕೊಳ್ಳಲಿಲ್ಲವಲ್ಲ ಎಂದು ಸೌಟನ್ನು ಬಕೆಟ್ಟಿಗೆ ಬಡಿದೆ. ಹುಗ್ಗಿ ಒಬ್ಬರ ಧೋತರಕ್ಕೆ ಸಿಡಿಯಿತು. ಅವರು ಬೆರಳಿಂದ ತೆಗೆದು ಅದನ್ನೂ ತಿಂದರು.

ರೊಟ್ಟಿ ಬುಟ್ಟಿ ಹಿಡಿದು ಕೊನೆಯ ಸುತ್ತು ಬಂದೆ. ರಾಚಪ್ಪ ಪಂಕ್ತಿಯಲ್ಲಿ ಬೇಡ ಅಂದದ್ದನ್ನು ಯಾರೂ ಕಂಡಿಲ್ಲ. ಒಂದು ರೊಟ್ಟಿ ಅವನ ಎಲೆಗೆ ಹಾಕಿದೆ. ಅವನು ಅದನ್ನು ಕೈಯಲ್ಲಿ ಹಿಡಿದವನು ತಿನ್ನಲಿಲ್ಲ. ಕತ್ತು ಉದ್ದ ಮಾಡಿ ಅಡುಗೆಮನೆಯ ಕಡೆ ನೋಡಿದ. "ಒಳಗ ಐತೇನು?" ಎಂದ.

ಊಟ ಸಾಲಲಿಲ್ಲ ಎಂದು ಹಂಗಿಸುತ್ತಿದ್ದಾನೆ ಎಂದುಕೊಂಡೆ. "ಐತಿ ಸಾವಕಾರ, ನಿಮ್ಮ ಹೊಟ್ಟಿ ಹರಿಯೂವಷ್ಟು ಐತಿ. ತಿನ್ರಿ" ಎಂದೆ.

"ನನಗಲ್ಲೊ. ಬೇಯಿಸಿದವ್ರಿಗೆ. ಬೋಗುಣಿ ತಂದು ತೋರ್ಸು."

"ತೋರಿಸಬೇಕು?"

"ಐತಿ ಅಂತ ಎಲ್ಲಾರೂ ಅಂತಾರ. ಹೊಳ್ಳಿಸಿ ತೋರ್ಸು" ಎಂದ, ಮಗುವಿಗೆ ಹೇಳುವಷ್ಟು ಮೆತ್ತಗೆ.

ಬುಟ್ಟಿ ನೆಲಕ್ಕಿಟ್ಟು ಒಳಗೆ ನುಗ್ಗಿ, ದೊಡ್ಡ ಬೋಗುಣಿಯನ್ನೇ ಎತ್ತಿದೆ. ಅವನ ತಲೆಯ ಮೇಲೆ ಮಗುಚುವುದೆಂದು ತೀರ್ಮಾನಿಸಿಯಾಗಿತ್ತು. ಅವ್ವ ನನ್ನ ಮಣಿಕಟ್ಟು ಹಿಡಿದಳು. "ಎಲ್ಲಿಗೆ?" ಎಂದಳು. "ಆ ರಾಚಪ್ಪಗ ಬೋಗುಣಿ ನೋಡಬೇಕಂತ. ಬೇಯಿಸಿದವ್ರಿಗೆ ಉಳದೈತೋ ಇಲ್ಲೋ ನೋಡ್ತಾನಂತ, ಹೊಳ್ಳಿಸಿ" ಎಂದೆ. ಅವ್ವನ ಹಿಡಿತ ಸಡಿಲಾಯಿತು. ಸ್ವಲ್ಪ ಹೊತ್ತು ಒಲೆಯ ಕಡೆ ನೋಡಿದಳು. ಆಮೇಲೆ ಬೋಗುಣಿಯನ್ನು ನನ್ನ ಕೈಯಿಂದ ತಾನೇ ತೆಗೆದುಕೊಂಡು, ಹಿಟ್ಟಿನ ಕೈಯಲ್ಲೇ, ತಲೆಯ ಮೇಲೆ ಸೆರಗೂ ಇಲ್ಲದೆ ಪಂಕ್ತಿಯ ನಡುವೆ ನಡೆದು ಹೋಗಿ ರಾಚಪ್ಪನ ಮುಂದೆ ಕೂತು ಅದನ್ನು ವಾಲಿಸಿದಳು. ತಳಕ್ಕೆ ಒಂದಿಷ್ಟು ಎಣ್ಣೆಗಾಯಿ ಅಂಟಿತ್ತು. ರಾಚಪ್ಪ ಬಗ್ಗಿ ನೋಡಿ, "ಇಷ್ಟs ಐತಿ" ಎಂದು ತನ್ನ ರೊಟ್ಟಿಯನ್ನು ಎರಡು ಮಾಡಿ, ದೊಡ್ಡ ತುಂಡನ್ನು ಬೋಗುಣಿಯಲ್ಲಿಟ್ಟ. ಏನೂ ಆಗಿಲ್ಲವೆಂಬಂತೆ ಉಳಿದದ್ದನ್ನು ತಿನ್ನತೊಡಗಿದ.

ಅವ್ವ ನಕ್ಕಳು. ಅಪ್ಪ ಸತ್ತ ಮೇಲೆ ಮೊದಲ ಸಲ, ಅದೂ ಅಷ್ಟು ಜನರ ಎದುರಿಗೆ, ಬಾಯಿಗೆ ಕೈ ಕೂಡ ಅಡ್ಡ ಹಿಡಿಯದೆ. "ಬಂದಾರ" ಎಂದು ನನ್ನ ಕಡೆ ತಿರುಗಿದಳು. "ಶಿವಪುತ್ರಾ, ಟವೆಲ್ ತಾ."

ಪಂಕ್ತಿ ಗಜಿಬಿಜಿಯಾಯಿತು. ಹೊಳೆಬಸಪ್ಪ ಹೀಗೆ ಮಾಡಿದ್ದನ್ನು ಯಾರು ನೋಡಿದ್ದಾರೆ? ಯಾರ ಮನೆಯಲ್ಲೂ ಉಂಡವನಲ್ಲ. ನಾನೂ ನೋಡಿರಲಿಲ್ಲ. ಸಣ್ಣವನಿದ್ದಾಗ ಮೊದಲು ಉಂಡು ಹೊರಗೆ ಓಡುತ್ತಿದ್ದೆ, ದೊಡ್ಡವನಾದ ಮೇಲೆ ತಲೆ ತಗ್ಗಿಸಿ ನುಂಗಿ ಎದ್ದುಬಿಡುತ್ತಿದ್ದೆ. ಅಪ್ಪನ ಊಟ ಯಾವಾಗಲೂ ನನ್ನ ಹಿಂದೆ. "ದಿನಾ ಕೇಳತಿದ್ರು" ಎಂದಳು ಅವ್ವ ಎಲ್ಲರಿಗೂ ಕೇಳುವಂತೆ. "ಹೊಸದಾಗಿ ಬಂದಾಗ ನಾ ಐತಿ ಅಂತ ಸುಳ್ಳ ಹೇಳಿ ನೀರು ಕುಡದು ಮಲಗಿದ್ದೆ. ಗೊತ್ತಾತು. ಅವತ್ತಿಂದ ಬೋಗುಣಿ ತೋರ್ಸಬೇಕು, ಅರ್ಧಾ ರೊಟ್ಟಿ ಅದರಾಗ ಬೀಳಬೇಕು. ಮಂದಿ ಮನ್ಯಾಗ ಉಂಡು ಬಂದ್ರ ನನ್ನ ಬೋಗುಣಿ ಯಾರು ನೋಡವ್ರು? ಅದಕ್ಕs ಓಡಿ ಬರತಿದ್ರು."

ರಾಚಪ್ಪ ತಿನ್ನುವುದು ನಿಲ್ಲಿಸಿ ಸುತ್ತ ನೋಡಿದ. "ಏನಾತು? ನಾ ಏನ್ ಮಾಡಿದೆ?" ಎಂದ. ಹೇಳಿದರು. "ಸಾಧ್ಯ ಇಲ್ಲ. ನಾ ಯಾಕ ಬೋಗುಣಿ ನೋಡ್ಲಿ? ಹೇಣ್ತಿ ಕಾಶವ್ವ ಒಬ್ಬಾಕಿ ಹೇಳಿದ್ರ ಸಾಕೇನು, ಎರಡನೇ ಸಾಕ್ಷಿ ಬೇಕು. ನಾನs ಹಿರ್ಯಾ ಅದೀನಿ, ನಾ ಒಪ್ಪೂದಿಲ್ಲ" ಎಂದ. ಆಗ ಎದುರಿನ ಸಾಲಿನಿಂದ ಅವನ ಹೆಂಡತಿ ಪಾರವ್ವ ಎದ್ದು ನಿಂತಳು. ಓಣಿಯಲ್ಲಿ ಅವಳ ದನಿ ಕೇಳಿದವರು ಕಡಿಮೆ. "ನಾ ಹೇಳ್ತೀನಿ" ಎಂದಳು. "ಮದುವ್ಯಾದಾಗಿಂದ ಇಂವ ನನಗ ಉಂಡಿಯೇನು ಅಂತ ಕೇಳಿದಂವಲ್ಲ. ಈಗ ಕೇಳ್ಯಾನ ಅಂದ್ರ ಅದು ಇಂವಂದಲ್ಲ, ಹೊಳೆಬಸಪ್ಪಣ್ಣಂದು." ಹೆಂಗಸರ ಸಾಲು ಪೂರ್ತಿ 'ಹೌದು' ಎಂದಿತು. ಡಾಕ್ಟರ ಹೆಂಡತಿ ಎಲೆಯ ಪಕ್ಕದ ನೆಲ ತಟ್ಟಿ, "ಯಾರಿದ್ದೀರಿ" ಎಂದಳು. ಅದನ್ನೂ ಒಪ್ಪಿಗೆಯೆಂದೇ ಲೆಕ್ಕ ಹಿಡಿದರು.

ಹಾಗೆ ನನ್ನ ಅಪ್ಪನ ಮಣೆಯ ಮೇಲೆ ರಾಚಪ್ಪ ಕೂತ. ಟವೆಲು ಹೊದಿಸುವುದು ಮಗನ ಕೆಲಸ. ಊರಲ್ಲಿ ಇಷ್ಟು ಹೆಗಲುಗಳಿರುವಾಗ ಇವನದೇ ಆಗಬೇಕಿತ್ತೇ ಎಂದು ಹಲ್ಲು ಕಚ್ಚಿಕೊಂಡು ಅವನ ಹಿಂದೆ ನಿಂತೆ. "ತಮ್ಮಾ, ನಿನ್ನ ಮಾರಿ ನೋಡಿದ್ರ ಅದರಲೇ ಕುತ್ತಗಿ ಬಿಗೀತಿ ಅನಸ್ತೈತಿ" ಎಂದ ರಾಚಪ್ಪ. "ಅನಿಸಿದ್ದು ಖರೆ ಐತಿ" ಎಂದೆ. ದಾವಲ್ ಕಾಕಾ ಪೈಪಿಗೆ ಒರಗಿಕೊಂಡು ಮೀಸೆಯಲ್ಲೇ ನಗುತ್ತಿದ್ದ. ಮೊದಲ ಸೌಟು ಹುಗ್ಗಿಯನ್ನು ನಾನೇ ಅವನಿಗೆ ಬಡಿಸಿದೆ. ಎರಡನೇ ಸಲ ಉಂಡ, ಅಡ್ಡಿಯೇನೂ ಆಗಲಿಲ್ಲ.

ಚಾಳಿ ಇಳಿದರೆ ಮನುಷ್ಯ ಬದಲಾಗುವುದಿಲ್ಲ. ರಾಚಪ್ಪ ಈಗಲೂ ಚಹಾದಂಗಡಿಯಲ್ಲಿ ಹೊಟ್ಟೆ ಇಳಿಬಿಟ್ಟು ಕೂತು ಊರವರನ್ನೆಲ್ಲ ಆಡಿಕೊಳ್ಳುತ್ತಾನೆ, ನನಗೂ ಅವನಿಗೂ ಈಗಲೂ ಮಾತಿಗೆ ಮಾತು ಬೆಳೆಯುತ್ತದೆ. ಆದರೆ ಊಟದ ಹೊತ್ತಾಯಿತೆಂದರೆ ಚಡಪಡಿಸಿ ಎದ್ದು ಮನೆಗೆ ನಡೆಯುತ್ತಾನೆ, ಯಾಕೆಂದು ಅವನಿಗೇ ತಿಳಿಯದು. ಪಾರವ್ವ ಸಂಜೆ ಸಂಜೆ ನಮ್ಮ ಮನೆಗೆ ಬಂದು ಅವ್ವನ ಹತ್ತಿರ ದೂರುತ್ತಾಳೆ. "ಬಿಸಿ ರೊಟ್ಟಿ ರೂಢಿ ಇಲ್ಲ ಯವ್ವಾ, ಹೊಟ್ಟಿ ಕಟ್ಟಿದಂಗ ಆಗೈತಿ. ಬ್ಯಾರೆ ಭಾಂಡ್ಯಾದಾಗ ಹಾಕಿ, ಐತಿ ಅಂತ ತೋರ್ಸಿದ್ರ ನಡೀತೈತೇನು?" ಎಂದು ಕೇಳುತ್ತಾಳೆ. "ನಡಿಯಂಗಿಲ್ಲ, ಬೆರಳ ಹಾಕಿ ತಳಾ ಮುಟ್ಟಿ ನೋಡ್ತಾರ. ನಾ ಎಲ್ಲಾ ಮಾಡಿ ನೋಡೀನಿ" ಎನ್ನುತ್ತಾಳೆ ಅವ್ವ. ಇಬ್ಬರೂ ಒಬ್ಬನೇ ಗಂಡಸನ್ನು ಬೈಯುವವರ ಹಾಗೆ ಬೈದು, ನಕ್ಕು, ಕಣ್ಣೊರೆಸಿಕೊಂಡು ಏಳುತ್ತಾರೆ. ಅಪ್ಪನ ಹೆಸರು ನಮ್ಮ ಓಣಿಯಲ್ಲಿ ಈಗ ಅವನು ಬದುಕಿದ್ದಾಗಿನದಕ್ಕಿಂತ ಹೆಚ್ಚು ಕೇಳಿಸುತ್ತದೆ.

ಅದೊಂದು ಮಧ್ಯಾಹ್ನ ಪಾರವ್ವನ ಮಾತು ನೆನೆಸಿಕೊಂಡು ಒಬ್ಬನೇ ನಗುತ್ತ ಉಣ್ಣುತ್ತಿದ್ದೆ. ಅವ್ವ ನನಗೆ ಇನ್ನೊಂದು ರೊಟ್ಟಿ ಹಾಕಿ ಒಲೆಯ ಮುಂದೆ ಕೂತಳು. ಹಿಂದಿನಿಂದ ಅವಳ ಬೆನ್ನು ಕಂಡಿತು, ರವಿಕೆ ಸಡಿಲಾಗಿತ್ತು. ಎಂದಿನಿಂದ ಸಡಿಲಾಗಿತ್ತೋ. ಅಪ್ಪ ಹೋಗಿ ರಾಚಪ್ಪನ ಅಡುಗೆಮನೆಯಲ್ಲಿ ಕೂತಿದ್ದಾನೆ. ಇಲ್ಲಿ ಕೇಳುವವರು ಯಾರು? ನನ್ನ ಮೇಲಂತೂ ಏನೂ ಇಳಿದಿಲ್ಲ, ಇಳಿಯುವುದೂ ಇಲ್ಲ.

"ಅವ್ವಾ, ಬೋಗುಣಿ ತೋರ್ಸು" ಎಂದೆ.

"ನಿನಗ್ಯಾಕ? ಐತಿ, ಉಣ್ಣು."

"ತೋರ್ಸು ಅಂದ್ರ ತೋರ್ಸು. ಹೊಳ್ಳಿಸಿ."

ದನಿ ಓಣಿಯ ತನಕ ಹೋಗಿರಬೇಕು, ಹೊರಗೆ ನಾಯಿ ಬೊಗಳಿತು. ಅವ್ವ ತಿರುಗಿ ನನ್ನನ್ನು ನೋಡಿದಳು. ಬೋಗುಣಿ ಎಳೆದು ವಾಲಿಸಿದಳು. ತಳ ತಿಕ್ಕಿ ಇಟ್ಟಷ್ಟು ಸ್ವಚ್ಛವಾಗಿತ್ತು. ರೊಟ್ಟಿ ಮುರಿಯಲು ಹೋದರೆ ಸಿಟ್ಟಿಗೆ ಅದು ನಾಲ್ಕಾರು ಚೂರಾಯಿತು. ದೊಡ್ಡ ಚೂರು ಯಾವುದೆಂದು ಹುಡುಕಿ ಹುಡುಕಿ ಬೋಗುಣಿಗೆ ಹಾಕಿದೆ, ನನ್ನ ಗಂಗಾಳದ ಪಲ್ಯವನ್ನೂ ಸುರಿದೆ. ಅವ್ವ ಅದನ್ನು ಮಡಿಲಲ್ಲಿಟ್ಟುಕೊಂಡು ನನ್ನೆದುರಿಗೇ ತಿಂದಳು, ಚೂರುಚೂರಾಗಿ, ಅವಸರವಿಲ್ಲದೆ.

"ನಾಳೆ ಸ್ವಲ್ಪ ಮೆತ್ತಗ ಕೇಳು" ಎಂದಳು.